ಅನಸೂಯಮ್ಮನ ತಾರಸಿಯ ಕರೆಂಟು

ಅನಸೂಯಮ್ಮನಿಗೆ ಈ ಭೂಮಿಯ ಮೇಲೆ ಹೆದರಿಕೆ ಎಂದು ಇದ್ದದ್ದು ಏಣಿಯೊಂದಕ್ಕೇ. ಹಾವು ಕಂಡರೆ ಕೋಲು ಹುಡುಕುವ ಹೆಂಗಸು. ಊರಿಗೆ ಪೊಲೀಸಿನವರು ಬಂದರೆ "ಏನ್ ಸಾರ್, ಯಾರನ್ನ ಹುಡುಕ್ತಿದ್ದೀರಿ?" ಎಂದು ತಾನೇ ಮುಂದೆ ಹೋಗಿ ಕೇಳುವ ಹೆಂಗಸು. ಆದರೆ ಏಣಿಯ ಮೂರನೇ ಮೆಟ್ಟಿಲಿಗೆ ಕಾಲಿಟ್ಟಳೋ, ಮಂಡಿ ನಡುಗಿ, ಕಣ್ಣು ಕತ್ತಲೆ ಬಂದು, "ಅಯ್ಯೋ, ಇಳಿಸ್ರಪ್ಪಾ ನನ್ನ" ಎಂದು ಕೂಗಿಬಿಡುತ್ತಿದ್ದಳು. ಎಂಟು ವರ್ಷದವಳಿದ್ದಾಗ ಹುಣಸೆಮರದಿಂದ ಬಿದ್ದು ಎಡಗೈ ಮುರಿದುಕೊಂಡವಳು. ಕೈ ಕೂಡಿಕೊಂಡಿತು, ಹೆದರಿಕೆ ಹಾಗೇ ಉಳಿದುಕೊಂಡಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವಳ ಬದುಕಿನ ದೊಡ್ಡ ಜಗಳ ಕೊನೆಗೆ ಹೋಗಿ ನಿಂತದ್ದು ಒಂದು ಏಣಿಯ ಬುಡದಲ್ಲೇ.

ಶಿಡ್ಲಘಟ್ಟದಿಂದ ಚಿಂತಾಮಣಿ ರಸ್ತೆ ಹಿಡಿದು ನಾಲ್ಕು ಮೈಲಿ ಹೋದರೆ ಬೊಮ್ಮನಕುಂಟೆ. ಊರಲ್ಲಿ ಚೆನ್ನರಾಯಪ್ಪನವರದು ನಲವತ್ತು ಬೇಸಿನ್‌ಗಳ ರೇಷ್ಮೆ ಫಿಲೇಚರ್, ಎಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ. ಬೇಸಿನ್ ಎಂದರೆ ಬೆಂದ ಗೂಡುಗಳು ಬಿಸಿನೀರಿನಲ್ಲಿ ತೇಲುವ ತೊಟ್ಟಿ. ಅದರ ಮುಂದೆ ಕೂತವಳು ಗೂಡಿನ ಎಳೆ ಹುಡುಕಿ ಕೊಡಬೇಕು, ಮೇಲೆ ಮೋಟಾರಿನ ರಾಟೆ ಅದನ್ನು ನೂಲಾಗಿ ಸುತ್ತಿಕೊಳ್ಳುತ್ತದೆ. ಅನಸೂಯಮ್ಮ ಹದಿನೈದನೇ ವಯಸ್ಸಿಗೆ ಅಲ್ಲಿ ಕೂತವಳು, ಎದ್ದದ್ದು ಇಪ್ಪತ್ತಾರು ವರ್ಷದ ಮೇಲೆ. ಬೆರಳುಗಳು ಬೆಂದು ಬೆಂದು ಬಿಳಿಚಿಕೊಂಡಿದ್ದವು. ಆದರೆ ಆ ಬೆರಳುಗಳಿಗೆ ನೀರಿನ ಹದ ಗೊತ್ತಿತ್ತು. ತುದಿ ಅದ್ದಿದರೆ ಸಾಕು, ಗೂಡು ಬೇಯಿಸಲು ಇನ್ನೆಷ್ಟು ಬಿಸಿ ಬೇಕು, ಎಷ್ಟು ತಣ್ಣೀರು ಬೆರೆಸಬೇಕು ಎಂದು ಹೇಳಿಬಿಡುತ್ತಿದ್ದಳು. ಗೂಡು ಬೇಯಿಸುವ ಒಲೆಯ ಮುಂದೆ ಅವಳು ನಿಂತರೆ ಆ ದಿನದ ನೂಲು ಹರಿಯುವುದಿಲ್ಲ ಎಂದು ಚೆನ್ನರಾಯಪ್ಪನವರೇ ನಾಲ್ಕು ಜನರ ಮುಂದೆ ಹೇಳುತ್ತಿದ್ದರು.

ಹೇಳುತ್ತಿದ್ದರು, ಸರಿ. ಆದರೆ ಶನಿವಾರದ ಬಟವಾಡೆಯ ಹೊತ್ತಿಗೆ ಅದೇ ಚೆನ್ನರಾಯಪ್ಪ ಜಗುಲಿಯ ಮೇಲೆ ಕೂತು, ಕಾಲೋನಿಯ ಹೆಂಗಸರನ್ನು ಕೆಳಗೆ ಅಂಗಳದಲ್ಲಿ ನಿಲ್ಲಿಸಿ, ಕೂಲಿಯನ್ನು ಮೇಲಿನಿಂದ ಅವರ ಸೆರಗಿಗೆ ಉದುರಿಸುತ್ತಿದ್ದರು. ಕೈಗೆ ಕೈ ತಾಗಬಾರದಲ್ಲ! ಎರಡು ಸಾವಿರದ ಇಸವಿ ದಾಟಿತು, ಊರಿಗೆ ಮೊಬೈಲ್ ಬಂತು, ಈ ಉದುರಿಸುವುದು ಮಾತ್ರ ನಿಲ್ಲಲಿಲ್ಲ. ಒಂದು ಶನಿವಾರ ಅನಸೂಯಮ್ಮ ಸೆರಗು ಒಡ್ಡಲಿಲ್ಲ. ಕೈ ಚಾಚಿ ನಿಂತಳು.

"ಕೈಗೆ ಕೊಡಿ ಸಾವ್ಕಾರ್ರೇ."

"ಏನೇ ಇದು ಹೊಸಾದು?"

"ಹೊಸಾದೇನಿಲ್ಲ. ನಿಮ್ಮ ನೂಲೆಲ್ಲ ಈ ಕೈ ಮುಟ್ಟೇ ಬಂದಿರೋದು. ನೂಲಿಗಿಲ್ಲದ ಮೈಲಿಗೆ ನಿಮಗ್ಯಾಕೆ?"

ಅವರು ನೋಟನ್ನು ನೆಲಕ್ಕೆ ಬಿಟ್ಟರು. ಅವಳು ಅದನ್ನು ಎತ್ತಿಕೊಳ್ಳದೆ ಮನೆಗೆ ನಡೆದಳು. ಸೋಮವಾರ ಕೆಲಸಕ್ಕೂ ಹೋಗಲಿಲ್ಲ.

ಗಂಡ ವೆಂಕಟರಾಯಪ್ಪ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಅಟೆಂಡರು, ಮಾತು ಕಡಿಮೆ. ಮದುವೆಯಾದ ಹೊಸದರಲ್ಲೇ ಬೌದ್ಧನಾದವನು. ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟು ಊರೆಲ್ಲ ಮೂಗು ಮುರಿಯುವಂತೆ ಮಾಡಿದ್ದವನು. ಅವನು ಎಲ್ಲ ಕೇಳಿಸಿಕೊಂಡು, "ಮಾಡಿದ್ದು ಸರಿಯಾಗಿದೆ. ಮುಂದೇನು?" ಎಂದ. ಮುಂದೇನು ಎಂಬುದಕ್ಕೆ ಅವಳ ಬಳಿ ಉತ್ತರವಿತ್ತು. ಕಾಲೋನಿಯ ಒಂಬತ್ತು ಹೆಂಗಸರನ್ನು ಸೇರಿಸಿ ಸಂಘ ಕಟ್ಟಿ, ನೂಲು ಬಿಚ್ಚುವ ಘಟಕಕ್ಕೆಂದು ಸರಕಾರದ ಯೋಜನೆಗೆ ಅರ್ಜಿ ಹಾಕಿದಳು. ಎರಡು ವರ್ಷ ಓಡಾಡಿ ಚಪ್ಪಲಿ ಸವೆಸಿದ ಮೇಲೆ, ಎರಡು ಸಾವಿರದ ಎಂಟರ ಮಾರ್ಚಿನಲ್ಲಿ, ಊರಂಚಿನಲ್ಲಿ, ಚೆನ್ನರಾಯಪ್ಪನವರ ತೋಟ, ಮನೆ, ಫಿಲೇಚರ್‌ಗಳಿಗೆ ಹತ್ತಿರದಲ್ಲೇ, ಒಂದು ತಾರಸಿ ಶೆಡ್ಡು, ಹತ್ತು ಬೇಸಿನ್ ಕೈಗೆ ಬಂದವು. ಒಂದೇ ಷರತ್ತು: ಒಂದು ವರ್ಷದೊಳಗೆ ಹತ್ತೂ ಬೇಸಿನ್ ಓಡಬೇಕು, ಅಧಿಕಾರಿಗಳು ಬಂದು ಕಣ್ಣಾರೆ ನೋಡಬೇಕು. ಇಲ್ಲವಾದರೆ ಶೆಡ್ಡು ವಾಪಸು, ಸಾಲಿನಲ್ಲಿರುವ ಮುಂದಿನ ಅರ್ಜಿದಾರನಿಗೆ. ಆ ಮುಂದಿನ ಅರ್ಜಿದಾರ ಯಾರೆಂದಿರಿ? ಚೆನ್ನರಾಯಪ್ಪನವರ ಬಾಮೈದ.

ಒಲೆಗೆ ಸೌದೆ ಉಂಟು, ಬಾವಿಯಲ್ಲಿ ನೀರುಂಟು. ರಾಟೆ ತಿರುಗಿಸಲು, ನೀರೆತ್ತಲು, ದೀಪ ಹಚ್ಚಲು ಕರೆಂಟು ಬೇಕು. ಟ್ರಾನ್ಸ್‌ಫಾರ್ಮರ್ ಇದ್ದದ್ದು ಚೆನ್ನರಾಯಪ್ಪನವರ ಹಿಪ್ಪುನೇರಳೆ ತೋಟದ ಆಚೆ. ತೋಟದ ಮೂಲೆಯಲ್ಲಿ ಮೂರು ಕಂಬ ನೆಟ್ಟರೆ ತಂತಿ ಶೆಡ್ಡಿಗೆ ಬರುತ್ತಿತ್ತು. ಲೈನ್‌ಮನ್‌ಗಳು ಗುಂಡಿ ತೋಡಲು ಹಾರೆ ಎತ್ತಿದ ದಿನ ಚೆನ್ನರಾಯಪ್ಪ ತೋಟದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಕಂಬ ನೆಡಂಗಿಲ್ಲ. ನೆರಳು ಬಿದ್ದು ಸೊಪ್ಪು ಕೆಡುತ್ತೆ."

ಕಂಬದ ನೆರಳು! ಹನ್ನೆರಡು ತೆಂಗಿನಮರ, ಎರಡು ಮಾವಿನಮರ ನಿಂತಿರುವ ತೋಟದಲ್ಲಿ ತೋಳು ಗಾತ್ರದ ಕಂಬದ ನೆರಳಿಗೆ ಸೊಪ್ಪು ಕೆಡುತ್ತದಂತೆ! ಕೇಳಿದ ಲೈನ್‌ಮನ್‌ಗಳಿಗೇ ನಗು ಬಂತು. ನಕ್ಕರು, ಹಾರೆ ಹೆಗಲ ಮೇಲಿಟ್ಟುಕೊಂಡು ಹೊರಟುಹೋದರು. ಕೆರೆ ಸುತ್ತಿ ಬರುವುದಾದರೆ ಹದಿನಾಲ್ಕು ಕಂಬ ಬೇಕು, ಅದು ಈ ವರ್ಷ ಆಗುವ ಮಾತಲ್ಲ ಎಂದರು ಕಚೇರಿಯಲ್ಲಿ. ಅನಸೂಯಮ್ಮ ತಕರಾರು ಅರ್ಜಿ ಕೊಟ್ಟಳು, ಅದರ ಮೇಲೆ ಇನ್ನೊಂದು ಕೊಟ್ಟಳು. ಜಪ್ಪಯ್ಯ ಅಂದರೂ ಫೈಲು ಅಲುಗಲಿಲ್ಲ. ಹೀಗೆ ಏಳು ತಿಂಗಳು ಕಳೆದವು.

ದಾರಿ ಕಂಡದ್ದು ಗೌರಿಬಿದನೂರು ಕಡೆಯ ತೊಂಡೇಬಾವಿಯಲ್ಲಿ. ನಾದಿನಿಯ ಮನೆಯ ನಾಮಕರಣ ಮುಗಿಸಿ ರೈಲಿಗೆ ಕಾಯುತ್ತಿದ್ದಳು. ರೈಲ್ವೆ ಗೇಟಿನ ಗುಡಿಸಲಿನ ಮೇಲೆ ಕಡುನೀಲಿ ಗಾಜಿನ ಹಲಗೆಯೊಂದು ಬಿಸಿಲಿಗೆ ಮೈಯೊಡ್ಡಿಕೊಂಡಿತ್ತು, ಕೆಳಗೆ ಹಗಲಲ್ಲೂ ಒಂದು ದೀಪ ಉರಿಯುತ್ತಿತ್ತು. ಗೇಟ್‌ಮನ್‌ನನ್ನು ಹಿಡಿದು ನಿಲ್ಲಿಸಿ ಕೇಳಿದಳು.

"ಏನಪ್ಪಾ ಅದು?"

"ಸೋಲಾರ್ ಪ್ಲೇಟು ಕಣಮ್ಮ. ಕಂಬ ಇಲ್ಲ, ತಂತಿ ಇಲ್ಲ. ಬಿಸಿಲು ಬಿದ್ರೆ ಕರೆಂಟು."

"ಮೋಟಾರು ಓಡುತ್ತಾ?"

"ಒಂದರಲ್ಲಿ ಎಲ್ಲಿ ಓಡುತ್ತೆ? ಹದಿನೈದಿಪ್ಪತ್ತು ಇಟ್ರೆ ಓಡಿದ್ರೂ ಓಡೀತು."

ಕಂಬ ಇಲ್ಲ, ತಂತಿ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಮಾತು. ಮಗಳು ಸಂಘಮಿತ್ರ ಚಿಂತಾಮಣಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ತಾಯಿ ರೈಲಿಳಿದವಳೇ ಮನೆಗೂ ಹೋಗದೆ ಅಲ್ಲಿಗೆ ಹೋದಳು. ಮಗಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿ, "ನಮ್ಮದು ಒಂದೇ ಹೆಚ್‌ಪಿ ಮೋಟಾರು ಅಲ್ವೇನಮ್ಮಾ? ಹದಿನಾರು ಪ್ಲೇಟು, ಬ್ಯಾಟರಿ ಇದ್ರೆ ಓಡುತ್ತೆ" ಎಂದಳು. ಬೆಂಗಳೂರಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದ್ದಾಯಿತು. ನೂಲು ಬಿಚ್ಚುವ ಶೆಡ್ಡಿಗೆ ತಾನು ಇದುವರೆಗೆ ಹಾಕಿಲ್ಲ ಎಂದು ಆತ ತಲೆ ಕೆರೆದುಕೊಂಡ. "ನಮ್ಮದೇ ಮೊದಲ್ನೇದಾಗ್ಲಿ ಬಿಡಿ" ಎಂದಳು ಅನಸೂಯಮ್ಮ.

ಇನ್ನು ಕಂಬ ತಂತಿಗೆಂದು ಮಂಜೂರಾಗಿದ್ದ ಹಣವನ್ನು ಪ್ಲೇಟುಗಳಿಗೆ ತಿರುಗಿಸಬೇಕು. ಕಚೇರಿಯ ಗುಮಾಸ್ತ ನಿಯಮದ ಪುಸ್ತಕ ತೆಗೆದು ಮುಂದಿಟ್ಟ. ಅನಸೂಯಮ್ಮ ಬುತ್ತಿ ಕಟ್ಟಿಕೊಂಡು ಹೋಗಿ ಮೂರು ದಿನ ಆ ಕಚೇರಿಯ ಬೆಂಚಿನ ಮೇಲೆ ಕೂತಳು. "ಕಂಬ ಎಲ್ಲಿ ನೆಡ್ಲಿ ಅಂತ ನೀವೇ ತೋರ್ಸಿ, ಈಗ್ಲೇ ಹೋಗ್ತೀನಿ. ತೋರ್ಸಕ್ಕಾಗಲ್ಲ ಅಂದ್ರೆ ಸಹಿ ಹಾಕಿ" ಎಂದು ಬಂದವರಿಗೆಲ್ಲ ಇದೊಂದೇ ಮಾತು. ಮೂರನೇ ದಿನ ಸಾಯಂಕಾಲ ದೊಡ್ಡ ಸಾಹೇಬರು, "ಅಮ್ಮಾ ತಾಯೀ, ಮೊದಲು ನೀನು ಮನೆಗೆ ಹೋಗು" ಎಂದು ಸಹಿ ಹಾಕಿದರು.

ಜನವರಿಯಲ್ಲಿ ತಾರಸಿಯ ಮೇಲೆ ಹದಿನಾರು ಪ್ಲೇಟುಗಳು ಸಾಲಾಗಿ ಕೂತವು, ದಕ್ಷಿಣಕ್ಕೆ ಒಂಚೂರು ಬಾಗಿಕೊಂಡು. ಕೆಳಗೆ ಕೋಣೆಯಲ್ಲಿ ಬ್ಯಾಟರಿಗಳು. ಸಂಘಮಿತ್ರ ಎಲ್ಲರಿಗೂ ಪಾಠ ಹೇಳಿದಳು: ಪ್ಲೇಟು ಒರೆಸಬೇಕು, ಆದರೆ ಬೆಳಿಗ್ಗೆ ತಂಪಿರುವಾಗ ಮಾತ್ರ, ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ತಾರಸಿ ಹತ್ತಿ ಒರೆಸುವ ಕೆಲಸ ಸಂಘದಲ್ಲೇ ಹಿರಿಯಳಾದ ಗಂಗುಲಮ್ಮನಿಗೆ ಬಿತ್ತು. ಗಂಗುಲಮ್ಮನಿಗೆ ಅರವತ್ತು ದಾಟಿತ್ತು. ಮೋಟಾರು ಬರುವ ಮೊದಲಿನ ಕಾಲದಲ್ಲಿ ಕೈಚರಕದಲ್ಲಿ ನೂಲು ತೆಗೆದವಳು, ಇವತ್ತಿಗೂ ಏಣಿಯನ್ನು ಮೇಕೆಮರಿಯಂತೆ ಹತ್ತುತ್ತಿದ್ದಳು. ಅನಸೂಯಮ್ಮ ಏಣಿಯ ತಂಟೆಗೇ ಹೋಗಲಿಲ್ಲ.

ಸ್ವಿಚ್ಚು ಒತ್ತಿದ ದಿನ ಹತ್ತು ರಾಟೆಗಳೂ ಗರ್ರೆಂದು ತಿರುಗಿದವು. ಹತ್ತು ಹೆಂಗಸರೂ ಕೆಲಸ ಮರೆತು ಬಾಯಿ ಬಿಟ್ಟುಕೊಂಡು ನೋಡಿದರು. ಅನಸೂಯಮ್ಮನಿಗೆ ಕಣ್ಣು ತುಂಬಿ ಬಂದು, ಒಲೆಯ ಹೊಗೆ ಎಂದು ಸುಳ್ಳು ಹೇಳಿದಳು. ತೋಟದ ಬೇಲಿಯಾಚೆಯಿಂದ ಚೆನ್ನರಾಯಪ್ಪ, "ಮೋಡ ಬಂದ್ರೆ ಏನ್ಮಾಡ್ತೀಯೇ ಅನಸೂಯಾ? ಮಿಂಚು ಹಿಡ್ಕಂತೀಯಾ?" ಎಂದು ಕೂಗಿದರು. ಅವಳು ಕ್ಯಾರೇ ಎನ್ನಲಿಲ್ಲ. ಆ ವರ್ಷ ದಿನಾ ಮಧ್ಯಾಹ್ನ ಮೂರರಿಂದ ಆರರವರೆಗೆ ಊರಿಗೆ ಲೋಡ್ ಶೆಡ್ಡಿಂಗ್. ಮೂರಾದರೆ ಆಚೆ ನಲವತ್ತು ರಾಟೆ ಗಪ್ಪೆಂದು ನಿಲ್ಲುತ್ತಿದ್ದವು, ಈಚೆ ಹತ್ತು ರಾಟೆ ತಿರುಗುತ್ತಲೇ ಇರುತ್ತಿದ್ದವು. ಇದಕ್ಕಿಂತ ಹೆಚ್ಚಿನ ಜವಾಬು ಬೇಕೆ?

ಚೆನ್ನರಾಯಪ್ಪನವರಿಗೆ ಇದು ಸಹಿಸಲಿಲ್ಲ. ಮಾರ್ಚಿನ ಎರಡನೇ ವಾರ ಅಳತೆ ಮಾಡಿಸಿ, ಶೆಡ್ಡಿನ ಮುಂದಿನ ಬಯಲೆಲ್ಲ ತಮ್ಮದೇ ಎಂದು ಗೋಡೆಯಿಂದ ಮೂರಡಿ ಬಿಟ್ಟು ಮುಳ್ಳುತಂತಿ ಬೇಲಿ ಹಾಕಿಸಿದರು. ಗೂಡಿನ ನೂಲೆಲ್ಲ ಬಿಚ್ಚಿದ ಮೇಲೆ ಒಳಗೆ ಉಳಿಯುತ್ತದಲ್ಲ ಬೆಂದ ಹುಳ, ಅದನ್ನು ಹೆಂಗಸರು ಆ ಬಯಲಿನಲ್ಲೇ ಒಣಗಿಸುತ್ತಿದ್ದರು. ಒಣಗಿದ ಹುಳವನ್ನು ಎಣ್ಣೆ ತೆಗೆಯುವವರು, ಕೋಳಿಫಾರಂನವರು ಬಂದು ಒಯ್ಯುತ್ತಾರೆ. ಒಣಗಿಸದೆ ಇಟ್ಟರೆ ಎರಡೇ ದಿನಕ್ಕೆ ಕೊಳೆತು ಊರು ಬಿಡಿಸುವ ನಾತ. ಬಯಲು ಹೋಯಿತು, ಹುಳಕ್ಕೆ ಜಾಗವಿಲ್ಲ. ಎಲ್ಲರೂ ಕೈ ಕೈ ಹಿಸುಕಿಕೊಂಡಾಗ ಗಂಗುಲಮ್ಮ, "ಅದರ ಚಿಂತೆ ನಂಗೆ ಬಿಡ್ರೇ. ತಾರಸಿ ಮೇಲೆ ಹಾಕ್ತೀನಿ" ಎಂದಳು. ಸರಿಯಾದ ಮಾತು, ತಾರಸಿಯಲ್ಲಿ ಎಷ್ಟೊಂದು ಜಾಗ ಎಂದು ಅನಸೂಯಮ್ಮ ನೆಮ್ಮದಿಪಟ್ಟಳು.

ಅಲ್ಲಿಂದ ಮೂರನೇ ದಿನಕ್ಕೆ ರಾಟೆಗಳು ಮಂಕಾದವು. ಬೆಳಿಗ್ಗೆ ಚೆನ್ನಾಗಿ ತಿರುಗಿ ಮಧ್ಯಾಹ್ನಕ್ಕೆ ತೂಕಡಿಸಲು ಶುರು. ಅನಸೂಯಮ್ಮ ಬ್ಯಾಟರಿಗೆ ನೀರು ಹಾಕಿಸಿದಳು, ಬೆಲ್ಟು ಬಿಗಿ ಮಾಡಿಸಿದಳು. ಪರೀಕ್ಷೆಯಲ್ಲಿ ಮುಳುಗಿದ್ದ ಮಗಳಿಗೆ ಫೋನು ಮಾಡಿದಳು.

"ಪ್ಲೇಟು ಕ್ಲೀನಾಗಿದ್ಯೇನಮ್ಮಾ?"

"ಇರು, ಕೇಳ್ತೀನಿ. ಗಂಗಕ್ಕಾ, ಪ್ಲೇಟು ಹೆಂಗಿದೆ?"

"ಕನ್ನಡಿ ಇದ್ದಂಗದೆ ಕಣೇ. ಮಿರಮಿರಾ ಅಂತದೆ."

ಗಂಗುಲಮ್ಮ ಸುಳ್ಳು ಹೇಳುವವಳಲ್ಲ. ಹಾಗಾದರೆ ಕೊರತೆ ಎಲ್ಲಿ? ಅನಸೂಯಮ್ಮನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ತಾನೇ ಒಮ್ಮೆ ಹತ್ತಿ ನೋಡೋಣ ಎಂದು ಎರಡು ಸಲ ಏಣಿಯ ಬುಡಕ್ಕೆ ಹೋದಳು. ಎರಡು ಸಲವೂ ಹಾಗೇ ವಾಪಸು ಬಂದಳು.

ಅಧಿಕಾರಿ ಬಂದದ್ದು ಯುಗಾದಿಗೆ ಮೂರು ದಿನ ಮುಂಚೆ, ಬೆಳಿಗ್ಗೆ ಹನ್ನೊಂದಕ್ಕೆ. ನರೆತ ಕೂದಲು, ಕೈಯಲ್ಲಿ ಫೈಲು, ನಿವೃತ್ತಿ ಹತ್ತಿರವಿದ್ದ ಮನುಷ್ಯ. ಜೊತೆಗೆ ಕರೆಯದೆಯೇ ಬಂದ ಚೆನ್ನರಾಯಪ್ಪ, ಇಸ್ತ್ರಿ ಪಂಚೆ ಉಟ್ಟು, ಮದುವೆಗೆ ಬಂದವರ ಹಾಗೆ. ಅನಸೂಯಮ್ಮ ಗೂಡು ಬೇಯಿಸಿ ಸಿದ್ಧವಾಗಿಟ್ಟಿದ್ದಳು, ಉಳಿದ ಒಂಬತ್ತು ಹೆಂಗಸರು ಎಳೆ ಹಿಡಿದು ಕೂತಿದ್ದರು. ಸ್ವಿಚ್ಚು ಒತ್ತಿದಳು. ರಾಟೆಗಳು ಎದ್ದವು. ಅಧಿಕಾರಿ ಪೆನ್ನು ತೆಗೆದರು. ನಾಲ್ಕು ಸುತ್ತು, ಐದು ಸುತ್ತು, ಆಮೇಲೆ ಮೋಟಾರು ಮುಲುಗಿ, ಯಂತ್ರದ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿ, ಎಲ್ಲ ನಿಂತೇ ಹೋಯಿತು.

ಶೆಡ್ಡಿನಲ್ಲಿ ಬಿಸಿನೀರು ಕುದಿಯುವ ಸದ್ದೊಂದೇ ಉಳಿಯಿತು.

"ಆಯ್ತಲ್ಲ ಸಾರ್, ನೋಡಿದ್ರಲ್ಲ. ಆಟದ ಸಾಮಾನು" ಎಂದರು ಚೆನ್ನರಾಯಪ್ಪ. "ಬಿಸಿಲಲ್ಲಿ ಸಂಡಿಗೆ ಒಣಗಿಸ್ಬೋದು. ಫ್ಯಾಕ್ಟ್ರಿ ಓಡಿಸಕ್ಕಾಗುತ್ತಾ?"

ಅಧಿಕಾರಿ ಬೇಸರದಿಂದಲೇ ಫೈಲು ಬಿಚ್ಚಿದರು. "ನಾನು ನೋಡಿದ್ದನ್ನ ಬರೀಬೇಕಾಗುತ್ತಮ್ಮ. ವರ್ಷ ತುಂಬೋಕೆ ಇನ್ನೊಂದು ವಾರ. ಇನ್ನೊಂದ್ಸಲ ಬರೋಕೆ ನಂಗೆ ದಿನ ಇಲ್ಲ."

ಅನಸೂಯಮ್ಮ ಹೊರಗೆ ಬಂದಳು. ಇಪ್ಪತ್ತಾರು ವರ್ಷ ಬೆಂದ ಕೈ, ನಂಬಿ ಬಂದ ಒಂಬತ್ತು ಜನ, ಎಲ್ಲರೂ ಶನಿವಾರಕ್ಕೆ ಮತ್ತೆ ಆ ಅಂಗಳದಲ್ಲಿ ಸೆರಗೊಡ್ಡಿ ನಿಲ್ಲಬೇಕೆ? ಸತ್ತರೂ ಸರಿ, ಅದು ಆಗಕೂಡದು ಎಂದುಕೊಂಡು ತಲೆಯೆತ್ತಿದಳು. ತಾರಸಿಯ ಮೇಲೆ ಕಾಗೆಗಳ ಸಂತೆ. ಅದರಲ್ಲೊಂದು ಕಾಗೆ ಅವಳ ತಲೆಯ ಮೇಲೇ ಹಾರಿಹೋಯಿತು, ಕೊಕ್ಕಿನಲ್ಲಿ ಕಂದುಬಣ್ಣದ ಹುಳ.

"ಗಂಗಕ್ಕಾ!"

ಗಂಗುಲಮ್ಮ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು.

"ಹುಳ ಎಲ್ಲಿ ಒಣಗಾಕಿದ್ದೀಯ? ತಾರಸಿ ಮೇಲೆ ಎಲ್ಲಿ?"

"ಗಾಜಿನ ಹಲಗೆ ಮೇಲೆ. ನೆಲದ ಮೇಲಾದ್ರೆ ಮಣ್ಣಾಗ್ತದೆ. ಗಾಜು ಎಷ್ಟು ಕಾದಿರ್ತದೆ ಅಂತೀಯಾ, ಅರ್ಧ ದಿನಕ್ಕೆ ಗರಿಗರಿ. ಇಷ್ಟು ದಿನ ಅರ್ಧಕ್ಕೇ ಹಾಕ್ತಿದ್ದೆ. ಇವತ್ತು ಸಾಯೇಬ್ರು ಬರ್ತಾರೆ, ಕೆಳಗೆ ಗಲೀಜು ಕಾಣಬಾರ್ದು ಅಂತ ಅಷ್ಟೂ ಮೂಟೆ ಸುರಿದಿದ್ದೀನಿ."

"ಅಯ್ಯೋ ನಿನ್ನ! ಪ್ಲೇಟಿನ ಮೇಲೆ ಹುಳ ಮುಚ್ಚಿದ್ರೆ ಕರೆಂಟು ಎಲ್ಲಿಂದ ಬರ್ಬೇಕು?"

"ಯಾಕೆ? ಹುಳದ ಕೆಳಗೂ ಗಾಜು ಕಾದೇ ಇರ್ತದಲ್ಲಮ್ಮ. ಬಿಸಿ ಇಳೀದೆ ಎಲ್ಲೋಗ್ತದೆ?"

ಅವಳು ತಿಳಿದದ್ದು ಅಷ್ಟೇ: ಒಲೆಯ ಮೇಲೆ ಬಾಂಡ್ಲಿ ಇಟ್ಟ ಹಾಗೆ, ಕಾವು ಇದ್ದರೆ ಕರೆಂಟು. ಬೆಳಕೇ ಬೇಕು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಒರೆಸಿದಾಗ ಗಾಜು ಮಿರಮಿರ ಎನ್ನುತ್ತಿದ್ದದ್ದು ಹುಳದ ಎಣ್ಣೆಗೆ. ವಿಷಯ ತಲೆಗೆ ಹೋದೊಡನೆ ಗಂಗುಲಮ್ಮ ಎದೆ ಎದೆ ಬಡಿದುಕೊಂಡಳು. "ನನ್ನ ಕೈಗೆ ಹಾವು ಕಚ್ಚ! ನಾನೇ ನಿಮ್ಮ ಮನೆ ತೆಗೆದ್ನಲ್ಲೇ!"

"ಅಳೋದು ಆಮೇಲೆ. ಮೊದ್ಲು ಹುಳ ತೆಗಿ."

ಅನಸೂಯಮ್ಮ ಒಳಗೆ ಹೋಗಿ ಅಧಿಕಾರಿಯ ಮುಂದೆ ನಿಂತಳು. ಕೈ ಮುಗಿಯಲಿಲ್ಲ, ಅಂಗಲಾಚಲಿಲ್ಲ. "ಸಾರ್, ತಪ್ಪು ಯಂತ್ರದ್ದಲ್ಲ, ನಮ್ಮದು. ಸರಿ ಮಾಡ್ತೀವಿ. ನೀವು ಊಟ ಮಾಡ್ಕೊಂಡು ಸರಿಯಾಗಿ ಮೂರು ಗಂಟೆಗೆ ಬನ್ನಿ. ಆಗ ಓಡದಿದ್ರೆ ಬೀಗದ ಕೈ ನಾನೇ ಕೊಡ್ತೀನಿ."

"ಊಟ ನಮ್ಮನೇಲೇ ಸಾರ್" ಎಂದರು ಚೆನ್ನರಾಯಪ್ಪ, ನಗುತ್ತಾ. "ಮೂರಲ್ಲ, ಆರಕ್ಕೆ ಬಂದ್ರೂ ಅಷ್ಟೇ."

"ಮೂರು ಗಂಟೆ" ಎಂದಳು ಅನಸೂಯಮ್ಮ ಮತ್ತೊಮ್ಮೆ. ಆ ಹೊತ್ತನ್ನು ಅವಳು ಯೋಚಿಸಿಯೇ ಆರಿಸಿದ್ದಳು.

ಅವರು ಅತ್ತ ಹೋದರು. ಗಂಗುಲಮ್ಮ ಮತ್ತಿಬ್ಬರು ಹೆಂಗಸರು ಮೇಲೆ ಹತ್ತಿ ಹುಳವನ್ನೆಲ್ಲ ಗೋಣಿಗೆ ಬಳಿದು ಇಳಿಸಿದರು. ಆದರೆ ಗಾಜಿನ ಮೇಲೆ ಹತ್ತು ದಿನದ ಎಣ್ಣೆ, ಅದರ ಮೇಲೆ ಒಲೆಯ ಮಸಿ, ಧೂಳು, ಕಾಗೆಯ ಹಿಕ್ಕೆ. ಒಣಬಟ್ಟೆಗೆ ಬರುವ ಜಾತಿಯಲ್ಲ. ಸೀಗೆಪುಡಿ ಹಾಕಿ ನೀರಲ್ಲೇ ತಿಕ್ಕಬೇಕು. ಹೊತ್ತು ಹನ್ನೆರಡು, ಗಾಜು ಮುಟ್ಟಿದರೆ ಬೊಬ್ಬೆ ಬರುವ ಹಾಗೆ ಕಾದಿದೆ. ತಣ್ಣೀರು ಬಿದ್ದರೆ ಬಿರುಕು. ಕುದಿನೀರಿಗೆ ಏನಾಗುತ್ತದೋ ಗೊತ್ತಿಲ್ಲ. ಗಾಜು ಎಷ್ಟು ಕಾದಿದೆಯೋ ನೀರೂ ಅಷ್ಟೇ ಕಾದಿರಬೇಕು. ಅದನ್ನು ಮುಟ್ಟಿ ಹೇಳಬಲ್ಲ ಕೈ ಬೊಮ್ಮನಕುಂಟೆಯಲ್ಲಿ ಒಂದೇ ಇತ್ತು, ಆ ಕೈಯವಳು ಏಣಿಯ ಬುಡದಲ್ಲಿ ನಿಂತಿದ್ದಳು.

ವೆಂಕಟರಾಯಪ್ಪ ಅರ್ಧ ದಿನ ರಜಾ ಹಾಕಿ ಬಂದಿದ್ದ. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಬಿಟ್ಟೀಯ ಮತ್ತೆ" ಎಂದಳು.

"ಬಿಡಲ್ಲ ಹತ್ತು."

ಹನ್ನೆರಡು ಮೆಟ್ಟಿಲು. ಮೂರನೆಯದಕ್ಕೆ ಮಂಡಿ ನಡುಗಿತು, ಬಾಯಿ ಒಣಗಿತು. ಐದನೆಯದರಲ್ಲಿ ನಿಂತೇಬಿಟ್ಟಳು. ಕೆಳಗೆ ನೋಡಿದರೆ ನೆಲ, ಆಚೆ ನೋಡಿದರೆ ಮುಳ್ಳುತಂತಿ, ಅದರಾಚೆ ಚೆನ್ನರಾಯಪ್ಪನವರ ಮನೆಯಿಂದ ಊಟಕ್ಕೆ ಕೂತವರ ನಗು ಕೇಳಿಸಿತು. ಆ ನಗುವಿಗೆ ಅವಳ ಪಿತ್ತ ನೆತ್ತಿಗೇರಿತು. "ನಗ್ರಪ್ಪಾ ನಗ್ರಿ, ಚೆನ್ನಾಗಿ ನಗ್ರಿ" ಎಂದು ಗಟ್ಟಿಯಾಗಿಯೇ ಬೈದುಕೊಂಡು ಆರನೆಯದಕ್ಕೆ ಕಾಲಿಟ್ಟಳು. ಬೈಯುತ್ತಾ ಏಳು, ಬೈಯುತ್ತಾ ಎಂಟು. ಅವರ ಜಗುಲಿಯನ್ನು ಬೈದಳು, ಬಾಮೈದನನ್ನು ಬೈದಳು, ತನ್ನನ್ನು ಬೀಳಿಸಿದ ಹುಣಸೆಮರವನ್ನೂ ಬಿಡದೆ ಬೈದಳು. ಹನ್ನೆರಡು ಮುಗಿದದ್ದು ಅವಳಿಗೆ ತಿಳಿಯಲೇ ಇಲ್ಲ. ಗಂಗುಲಮ್ಮ ರಟ್ಟೆ ಹಿಡಿದು ತಾರಸಿಗೆ ಎಳೆದುಕೊಂಡಳು.

ಅನಸೂಯಮ್ಮ ಕೂತಲ್ಲೇ ತೆವಳಿಕೊಂಡು ಮೊದಲ ಪ್ಲೇಟಿನ ಹತ್ತಿರ ಹೋಗಿ, ಗಾಜಿನ ಮೇಲೆ ಅಂಗೈ ಇಟ್ಟಳು. ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಕೈಯನ್ನು ಬಕೀಟಿಗೆ ಅದ್ದಿದಳು.

"ಇನ್ನೆರಡು ಚೊಂಬು ಬಿಸಿ."

ಹಾಕಿದರು. ಮತ್ತೆ ಅದ್ದಿದಳು.

"ಅರ್ಧ ಚೊಂಬು ತಣ್ಣೀರು. ಸಾಕು. ಸುರೀರಿ."

ಗಂಗುಲಮ್ಮ ಉಸಿರು ಬಿಗಿಹಿಡಿದು ಸುರಿದಳು. ಗಾಜು ಚಿಟಕ್ಕೆನ್ನಲೂ ಇಲ್ಲ. ಸೀಗೆಯ ನೊರೆ ಎದ್ದು ಎಣ್ಣೆ ಕರಗಿ ಹರಿಯಿತು, ಕೆಳಗೆ ಕಡುನೀಲಿ ಬಣ್ಣ ಕಂಡಿತು. ಕೆಳಗೆ ಬೇಸಿನ್‌ನಿಂದ ನೀರು, ಏಣಿಯ ಮೇಲೆ ಕೈಯಿಂದ ಕೈಗೆ ಬಕೀಟು, ಮೇಲೆ ಅನಸೂಯಮ್ಮನ ಅಂಗೈ. ಒಂದೊಂದು ಪ್ಲೇಟಿಗೂ ಮುಟ್ಟಿ ನೋಡಿ, ಒಂದೊಂದಕ್ಕೂ ಹದ ಬೆರೆಸಿ, ಒಂದೂವರೆಯ ಹೊತ್ತಿಗೆ ಹದಿನಾರೂ ಮುಗಿದವು. ಒಂದಕ್ಕೂ ಕೂದಲೆಳೆಯಷ್ಟು ಬಿರುಕು ಬರಲಿಲ್ಲ. ಅಂಗೈ ಮಾತ್ರ ಕೆಂಪಗೆ ಸುಟ್ಟಿತ್ತು.

ಬರಿದಾಗಿದ್ದ ಬ್ಯಾಟರಿಗೆ ಒಂದೂವರೆ ಗಂಟೆ ಬಿಸಿಲು ಸಿಕ್ಕಿತು. ಸಾಲುತ್ತದೋ ಇಲ್ಲವೋ ಯಾರಿಗೆ ಗೊತ್ತು? ಸಂಘಮಿತ್ರ ಫೋನಿನಲ್ಲಿ, "ಒಂದ್ಸಲ ಓಡಿದ್ರೆ ಬಿಸಿಲೇ ಎಳ್ಕೊಂಡು ಹೋಗುತ್ತಮ್ಮ. ಶುರುವಾಗೋವಾಗ ಮಾತ್ರ ಜಾಸ್ತಿ ಎಳೆಯುತ್ತೆ, ಅಲ್ಲೇ ಕಷ್ಟ" ಎಂದಳು. ಅನಸೂಯಮ್ಮ ಯೋಚಿಸಿ ಗಂಗುಲಮ್ಮನ ಕಡೆ ತಿರುಗಿದಳು. "ಗಂಗಕ್ಕಾ, ಚರಕ ತಿರುಗಿಸ್ತಿದ್ದ ಕೈ ಇನ್ನೂ ಇದ್ಯಾ?"

ಮೂರಕ್ಕೆ ಐದು ನಿಮಿಷ ಇರುವಾಗ ಅಧಿಕಾರಿ ಬಂದರು, ಹಿಂದೆ ಎಲೆಯಡಿಕೆ ಜಗಿಯುತ್ತಾ ಚೆನ್ನರಾಯಪ್ಪ. ಗಂಗುಲಮ್ಮ ರಾಟೆಗಳನ್ನೆಲ್ಲ ಒಟ್ಟಿಗೆ ತಿರುಗಿಸುವ ಉದ್ದನೆಯ ಕಬ್ಬಿಣದ ಸರಳಿನ ತುದಿಯ ಚಕ್ರಕ್ಕೆ ಎರಡೂ ಕೈ ಕೊಟ್ಟು, ಸೆರಗು ಬಿಗಿದು ನಿಂತಿದ್ದಳು. "ಹೂಂ" ಎಂದಳು ಅನಸೂಯಮ್ಮ. ಮುದುಕಿ ಜೀವ ಬಿಟ್ಟು ಚಕ್ರ ತಿರುಗಿಸಿದಳು. ಒಂದು ಸುತ್ತು, ಎರಡು, ಮೂರು. ರಾಟೆಗಳು ಕೈವೇಗ ಹಿಡಿದವು. ಅನಸೂಯಮ್ಮ ಸ್ವಿಚ್ಚು ಒತ್ತಿದಳು. ಮೋಟಾರು ಒಮ್ಮೆ ಮುಲುಗಿತು, ಗಂಗುಲಮ್ಮ ಚಕ್ರ ಬಿಡಲಿಲ್ಲ, ಇನ್ನೊಮ್ಮೆ ಮುಲುಗಿತು, ಆಮೇಲೆ ಗರ್ರೆಂದು ಎತ್ತಿಕೊಂಡಿತು.

"ಬಿಡು ಗಂಗಕ್ಕಾ, ಓಡ್ತಾ ಇದೆ, ಬಿಡು!"

ಹತ್ತು ರಾಟೆಗಳು, ಹತ್ತು ಎಳೆಗಳು, ಬಂಗಾರದ ಬಣ್ಣದ ನೂಲು. ಅಧಿಕಾರಿ ಒಂದೊಂದು ಬೇಸಿನ್ ಮುಂದೆಯೂ ನಿಂತು ಎಣಿಸಿದರು. ಎಂಟನೆಯದರ ಹತ್ತಿರ ಬಂದಾಗ ಬೇಲಿಯಾಚೆ ನಲವತ್ತು ರಾಟೆಗಳ ಸದ್ದು ಗಪ್ಪೆಂದು ನಿಂತಿತು. ಅಧಿಕಾರಿ ಕಿವಿಗೊಟ್ಟರು.

"ಏನದು?"

ಚೆನ್ನರಾಯಪ್ಪ ಬಾಯಿಯ ಕಡೆ ಬೆರಳು ತೋರಿಸಿದರು. ಬಾಯಲ್ಲಿ ಎಲೆಯಡಿಕೆ ಇತ್ತು.

"ಮೂರು ಗಂಟೆ ಆಯ್ತಲ್ಲ ಸಾರ್" ಎಂದಳು ಅನಸೂಯಮ್ಮ. "ಫ್ಯಾಕ್ಟ್ರಿ ಕರೆಂಟು ಹೋಯ್ತು. ಆಟದ ಸಾಮಾನಿಂದು ಹೋಗಲ್ಲ."

ಅಧಿಕಾರಿ ನಗು ತಡೆದುಕೊಂಡು ಒಂಬತ್ತನೆಯದನ್ನು ನೋಡಿದರು, ಹತ್ತನೆಯದನ್ನು ನೋಡಿದರು, ಅರ್ಧ ಗಂಟೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ರಾಟೆ ನಿಲ್ಲಲಿಲ್ಲ. ಆಮೇಲೆ ಫೈಲಿನಲ್ಲಿ 'ಹತ್ತೂ ಬೇಸಿನ್ ಚಾಲ್ತಿಯಲ್ಲಿವೆ' ಎಂದು ಬರೆದು ಸಹಿ ಹಾಕಿ, ಅನಸೂಯಮ್ಮನ ಕೈಗೇ ಕೊಟ್ಟರು. ಅವಳ ಸುಟ್ಟ ಅಂಗೈಗೆ ಕಾಗದದ ಅಂಚು ಚುರ್ರೆಂದಿತು. ಅವಳು ಕೈ ಹಿಂದೆಳೆಯಲಿಲ್ಲ. ಗಂಗುಲಮ್ಮ ಗೋಡೆಗೊರಗಿ ಕೂತು, ಒಂದು ಕಣ್ಣಲ್ಲಿ ಅಳುತ್ತಾ ಒಂದು ಕಣ್ಣಲ್ಲಿ ನಗುತ್ತಾ, ತೋಳು ನೀವಿಕೊಳ್ಳುತ್ತಿದ್ದಳು.

ಹುಳ ಒಣಗಿಸುವ ಜಾಗ ಮರುದಿನವೇ ಸಿಕ್ಕಿತು. ಬಿದಿರು ತಟ್ಟೆಗಳಲ್ಲಿ ಹರಡಿ, ಚೆನ್ನರಾಯಪ್ಪನವರ ಹೊಸ ಬೇಲಿಯ ಕಲ್ಲುಕಂಬಗಳಿಗೆ ಈಚೆಯಿಂದ ಆನಿಸಿ ಇಟ್ಟರು. ಗಾಳಿ ಯಾವ ಕಡೆ ಬೀಸುತ್ತದೆ ಎಂದು ಗಂಗುಲಮ್ಮ ಮೊದಲೇ ಸೆರಗು ಹಿಡಿದು ನೋಡಿಕೊಂಡಿದ್ದಳು.

ಪ್ಲೇಟು ಒರೆಸುವ ಕೆಲಸವನ್ನು ಮಾತ್ರ ಅಂದಿನಿಂದ ಅನಸೂಯಮ್ಮ ಯಾರಿಗೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಬಕೀಟು ಹಿಡಿದು ಏಣಿ ಹತ್ತುತ್ತಾಳೆ. ಮೂರನೇ ಮೆಟ್ಟಿಲಿಗೆ ಮಂಡಿ ಈಗಲೂ ನಡುಗುತ್ತದೆ. ಯಾರನ್ನಾದರೂ ನೆನೆಸಿಕೊಂಡು ಬೈದು ನಾಲ್ಕನೆಯದಕ್ಕೆ ಕಾಲಿಡುತ್ತಾಳೆ. ಯುಗಾದಿ ಕಳೆದು ಒಂದು ವಾರಕ್ಕೆ ಹೀಗೇ ಮೇಲೆ ಕೂತು ಒರೆಸುತ್ತಿದ್ದಾಗ ಕೆಳಗೆ ಕೆಮ್ಮಿದ ಸದ್ದಾಯಿತು. ಬೇಲಿಯಾಚೆ ತೋಟದ ಮೂಲೆಯಲ್ಲಿ ಚೆನ್ನರಾಯಪ್ಪ ನಿಂತಿದ್ದರು, ಬಿಸಿಲಿಗೆ ಕೈ ಅಡ್ಡ ಹಿಡಿದು ಕತ್ತೆತ್ತಿ ನೋಡುತ್ತಾ. ಅವಳು ಇಪ್ಪತ್ತಾರು ವರ್ಷ ಕತ್ತೆತ್ತಿ ನೋಡಿದ್ದ ಮುಖ ಈಗ ಕೆಳಗಿತ್ತು.

"ಏನಮ್ಮಾ ಅನಸೂಯಮ್ಮ" ಎಂದರು. ಹೆಸರಿಗೆ ಅಮ್ಮ ಸೇರಿಸಿ ಕರೆದದ್ದು ಅದೇ ಮೊದಲು. "ನಾನೂ ಯೋಚ್ನೆ ಮಾಡ್ದೆ. ಊರಿನವರೇ ನಾವು, ಯಾಕೆ ಮನಸ್ತಾಪ? ಆ ಮೂರು ಕಂಬ ನೆಡಿಸ್ಕೋ. ನಾನು ಬೇಡ ಅನ್ನಲ್ಲ. ಬೇಕಿದ್ರೆ ನಿನ್ನ ಶೆಡ್ಡಿನ ಗೋಡೆ ಪಕ್ಕಕ್ಕೇ ಒಂದು ಹಾಕ್ಸು."

ಅನಸೂಯಮ್ಮ ಬಟ್ಟೆಯನ್ನು ಬಕೀಟಿಗೆ ಅದ್ದಿ ಹಿಂಡಿದಳು. ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಹಿಂಡಿದಳು. ಆಮೇಲೆ ತಾರಸಿಯ ಅಂಚಿಗೆ ಬಂದು, ಹೆದರಿಕೆಯಾದರೂ ಸರಿ ಎಂದು, ನೇರ ಕೆಳಗೆ ನೋಡಿದಳು.

"ಬೇಡ ಸಾವ್ಕಾರ್ರೇ. ಕಂಬ ನೆಟ್ರೆ ನೆರಳು ಬೀಳುತ್ತೆ. ನಮ್ಮ ಕರೆಂಟು ಕೆಡುತ್ತೆ."

ಹೇಳಿ, ಎರಡನೇ ಪ್ಲೇಟಿನ ಕಡೆಗೆ ಸರಿದು ಒರೆಸತೊಡಗಿದಳು.